ಹೆಗ್ಗೆಣಸಿನ ಹಬ್ಬದಲ್ಲಿ ಹಸಿದವರು

ನೈಜೀರಿಯಾದ ನಾಟಕಕಾರ ವೋಲೆ ಸೊಯಿಂಕಾರ ‘ಕೊಂಗೀಸ್ ಹಾರ್ವೆಸ್ಟ್’ ನಾಟಕದಲ್ಲಿ ನನಗೆ ಅಧ್ಯಕ್ಷ ಕೊಂಗಿಗಿಂತ ರುಚಿಸುವುದು ಅವನ ಪಂಡಿತರ ಹಸಿವು. ಇಸ್ಮಾ ಎಂಬ ಕಲ್ಪಿತ ದೇಶದ ಈ ಸರ್ವಾಧಿಕಾರಿ ಬೆಟ್ಟದ ಮೇಲೆ ಉಪವಾಸ ಕೂತಿದ್ದಾನೆ. ಅವನಿಗಾಗಿ ಚಿಂತಿಸಲು, ಅವನ ಹೆಸರಲ್ಲಿ ಬರೆಯಲು ಇಟ್ಟುಕೊಂಡ ವಿದ್ವಾಂಸರೂ ಜೊತೆಗೆ ಹೊಟ್ಟೆ ಕಟ್ಟಿಕೊಳ್ಳಬೇಕು. ಸರ್ಕಾರಕ್ಕೆ ಎಂಥ ವರ್ಚಸ್ಸು ಕಟ್ಟೋಣವೆಂದು ಗಂಭೀರವಾಗಿ ಶುರುವಾದ ಚರ್ಚೆ ಊಟದ ಗೊಣಗಾಟಕ್ಕೆ ಜಾರುತ್ತದೆ. ನೈಜೀರಿಯಾದ ಪಿಜಿನ್ ಇಂಗ್ಲಿಷ್‌ನಲ್ಲಿ ‘ಚಾಪ್’ ಎಂದರೆ ಉಣ್ಣುವುದು. ಸರ್ಕಾರದ ದುಡ್ಡು ನುಂಗುವುದಕ್ಕೂ ಅದೇ ಮಾತು. ಲಂಚವನ್ನು ‘ತಿನ್ನುವ’ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಂಗಿಯ ಹಸಿವೇ ಬೇರೆ. ಹೊಸ ಹೆಗ್ಗೆಣಸನ್ನು ಮೊದಲು ಸವಿಯುವುದು ಅರಸ ದನ್ಲೋಲನ ಹಕ್ಕು. ಸೆರೆಯಲ್ಲಿಟ್ಟ ಆ ಅರಸನೇ ಎಲ್ಲರೆದುರು ಗೆಡ್ಡೆಯನ್ನು ತನ್ನ ಕೈಗೊಪ್ಪಿಸಬೇಕೆಂಬುದು ಕೊಂಗಿಯ ಹಟ. ಫೋಟೋದವನ ಮುಂದೆ ಅವನು ಸಂತನಂತೆ, ಅನ್ನದಾತನಂತೆ ಮುಖ ಮಾಡಿಕೊಳ್ಳುವ ದೃಶ್ಯವಂತೂ ಶುದ್ಧ ಪ್ರಹಸನ. ದೇಶದ ಕಾಲಗಣನೆಯೂ ತನ್ನ ಸುಗ್ಗಿಯಿಂದಲೇ ಆರಂಭವಾಗಲಿ ಎನ್ನುತ್ತಾನೆ!

ದನ್ಲೋಲನೇನು ಸಾಧುವಲ್ಲ. ಕಾವಲಿನ ಅಧಿಕಾರಿ ಡೋಲು ನಿಲ್ಲಿಸಿದಾಗ, ‘ನಿನಗೆ ಅಡ್ಡಬೀಳುತ್ತೇನೆ’ ಎಂದು ಅರಸ ಬಾಗತೊಡಗುತ್ತಾನೆ. ಅರಸ ಕಾಲಿಗೆರಗಿದರೆ ಶಾಪ ತಟ್ಟೀತೆಂದು ಬೆದರಿ ಅಧಿಕಾರಿಯೇ ಬೋರಲಾಗಿ ನೆಲಕ್ಕೆ ಬೀಳುತ್ತಾನೆ. ಬೀಗದ ಕೈ ಒಬ್ಬನದು, ಭಯ ಇನ್ನೊಬ್ಬನದು. ಹತ್ತು ಪುಟದ ರಾಜಕೀಯ ಒಂದೇ ಚಲನೆಯಲ್ಲಿ ಮುಗಿಯಿತು.

1965ರಲ್ಲಿ ಲಾಗೋಸ್‌ನಲ್ಲಿ ರಂಗಕ್ಕೆ ಬಂದ ನಾಟಕ 1966ರ ಏಪ್ರಿಲ್‌ನಲ್ಲಿ ಡಾಕರ್‌ನ ಕಲೋತ್ಸವದಲ್ಲೂ ಪ್ರದರ್ಶನಗೊಂಡಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಘಾನಾದ ಅಧ್ಯಕ್ಷ ಎನ್‌ಕ್ರುಮಾ ಪದಚ್ಯುತರಾಗಿದ್ದರು. ಕೊಂಗಿಯಲ್ಲಿ ಅನೇಕರು ಅವರನ್ನೇ ಕಂಡರು. 1970ರ ಸಿನಿಮಾದಲ್ಲಿ ಕೊಂಗಿಯ ವೇಷ ಹಾಕಿದ್ದು ಸ್ವತಃ ಸೊಯಿಂಕಾ.

ಕೊನೆಯ ಹಬ್ಬವನ್ನು ಕಿವಿಯಿಂದಲೇ ನೋಡಬೇಕು. ಹೆಂಗಸರ ಒನಕೆಗಳು ಹೆಗ್ಗೆಣಸು ಕುಟ್ಟುತ್ತವೆ, ಕುಣಿತ ಏರುತ್ತದೆ, ವೇದಿಕೆಯ ಮೇಲೆ ಕೊಂಗಿ ಆವೇಶದಿಂದ ಭಾಷಣ ಬಿಗಿಯುತ್ತಿದ್ದಾನೆ, ಒಂದಕ್ಷರವೂ ಕೇಳದು. ಆಗ ಅವನ ಹಳೆಯ ಪ್ರೇಯಸಿ ಸೇಗಿ ಮುಚ್ಚಿದ ತಟ್ಟೆಯೊಂದನ್ನು ತರುತ್ತಾಳೆ. ಮುಚ್ಚಳ ತೆಗೆದರೆ, ಅವನ ಜನ ಕೊಂದ ಅವಳ ತಂದೆಯ ತಲೆ. ಕೊಂಗಿಯ ಬಾಯಿ ಅಗಲವಾಗಿ ತೆರೆದೇ ಇದೆ.