ಕಡತನಾಮ ವಿಚಾರ

ಓಲೆಯ ಕಟ್ಟಿನ ಮೇಲೆ ಬರೆದ ಹೆಸರು ಅಳಿಸಿಹೋದರೂ ಗ್ರಂಥವು ಕಟ್ಟಿನೊಳಗೆ ಉಳಿದಿರುತ್ತಿತ್ತು. ಗಣಕದಲ್ಲಾದರೋ ಹೆಸರು ಕೆಟ್ಟರೆ ಗ್ರಂಥವೇ ಕೈತಪ್ಪುವುದುಂಟು. ಒಂದು ಗಣಕವ್ಯವಸ್ಥೆಯಲ್ಲಿಟ್ಟ ಹೆಸರು ಮತ್ತೊಂದರಲ್ಲಿಯೂ ನಿಲ್ಲುವ ಬಗೆ ಹೇಗೆಂಬ ಪ್ರಶ್ನೆಗೆ ಪೋಸಿಕ್ಸ್ ಎಂಬ ಪ್ರಮಾಣಗ್ರಂಥವು 1988ರಲ್ಲಿ ಒಂದು ಉತ್ತರವನ್ನಿತ್ತಿತು. ಅದರ ಗುಣದೋಷಗಳನ್ನು ಕನ್ನಡದ ದೃಷ್ಟಿಯಿಂದ ತೂಗಿನೋಡುವುದು ಉಚಿತವಾಗಿದೆ.

ನಿಯಮವು ಸಂಕ್ಷಿಪ್ತವಾದುದು. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು 52, ಅಂಕೆಗಳು 10, ಇವಲ್ಲದೆ ಬಿಂದು, ಅಡಿಗೆರೆ, ಕಿರುಗೆರೆ. ಈ 65 ಚಿಹ್ನೆಗಳಿಂದ ಕಟ್ಟಿದ ಹೆಸರು ಪ್ರಮಾಣವನ್ನನುಸರಿಸುವ ವ್ಯವಸ್ಥೆಗಳಲ್ಲೆಲ್ಲ ಸಲ್ಲುವುದು. ಈ ಮಿತವ್ಯಯವು ನಿಷ್ಕಾರಣವಲ್ಲ. ಯೂನಿಕ್ಸ್ ಮಾರ್ಗದ ಅಂಗಗಳನ್ನು ಬಲಕ್ಕೆ ವಾಲಿದ ಓರೆಗೆರೆಯಿಂದ ಬೇರ್ಪಡಿಸುತ್ತದೆ. ಎಂ.ಎಸ್.-ಡಾಸಿನಲ್ಲಿ ಆ ಗೆರೆಯು ಆಜ್ಞೆಗಳ ವಿಕಲ್ಪಗಳಿಗೆ ಮೊದಲೇ ಸಂದುಹೋಗಿದ್ದುದರಿಂದ, 1983ರ 2.0ನೆಯ ಆವೃತ್ತಿಯು ಎಡಕ್ಕೆ ವಾಲಿದುದನ್ನು ಹಿಡಿಯಿತು. ಪ್ರಶ್ನಚಿಹ್ನೆ, ನಕ್ಷತ್ರಚಿಹ್ನೆಗಳು ಲಿನಕ್ಸಿನ ಹೆಸರುಗಳಲ್ಲಿ ಸಲ್ಲುತ್ತವೆ, ವಿಂಡೋಸಿನಲ್ಲಿ ನಿಷಿದ್ಧ.

ಆದರೂ ಈ ನಿಯಮವನ್ನು ಸರ್ವತ್ರ ಸಾಧುವೆಂದು ನಂಬುವುದು ಸರಿಯಲ್ಲ. ಅದೇ ಚಿಹ್ನೆಗಳಿಂದಾದ ‘ಕಾನ್’, ‘ನಲ್’ ಎಂಬ ಹೆಸರುಗಳನ್ನು ವಿಂಡೋಸು ಉಪಕರಣಗಳಿಗೆಂದು ಕಾದಿರಿಸಿದೆ. ಇದಕ್ಕಿಂತ ಗುರುತರವಾದ ದೋಷವೊಂದುಂಟು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಲಕಾರಕ್ಕೆ ಚಿಕ್ಕಕ್ಷರವನ್ನೂ ಳಕಾರಕ್ಕೆ ದೊಡ್ಡಕ್ಷರವನ್ನೂ ಇಡುವ ರೂಢಿಯಿದೆ. ಹೀಗೆ ಬರೆದ ‘ಹುಲಿ’, ‘ಹುಳಿ’ಗಳು ಲಿನಕ್ಸಿನಲ್ಲಿ ಎರಡು ಕಡತಗಳು. ವಿಂಡೋಸು ಸಾಮಾನ್ಯವಾಗಿ ಈ ಭೇದವನ್ನು ಎಣಿಸದು. ಆದಕಾರಣ ನಕಲುಮಾಡುವವನು ಎಚ್ಚರದಪ್ಪಿದರೆ ಹುಳಿಯು ಹುಲಿಯನ್ನು ನುಂಗುವುದು!

ಹಾಗಾದರೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಾರದೇಕೆ? ಅಲ್ಲಿಯೂ ತೊಡಕುಂಟು. ಯೂನಿಕೋಡಿನಲ್ಲಿ ‘ಕೋಶ’ ಎಂಬುದಕ್ಕೆ ಎರಡು ರೂಪಗಳು. ಓತ್ವವು ಒಂದೇ ಸಂಕೇತವಾದರೆ ಪದಕ್ಕೆ 3 ಸಂಕೇತಗಳು. ಎತ್ವ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಎಂದು ಒಡೆದರೆ 5. ಕಣ್ಣಿಗೆ ಭೇದವಿಲ್ಲ. ಮ್ಯಾಕ್ ಗಣಕಗಳಿಗೆ 1998ರಲ್ಲಿ ಬಂದ ಎಚ್.ಎಫ್.ಎಸ್. ಪ್ಲಸ್ ಒಡೆದ ರೂಪವನ್ನೇ ಬರೆದಿಡುತ್ತಿತ್ತು. ಲಿನಕ್ಸು, ವಿಂಡೋಸುಗಳು ಸಾಮಾನ್ಯವಾಗಿ ಕೊಟ್ಟುದನ್ನು ಕೊಟ್ಟಂತೆಯೇ ಇಡುತ್ತವೆ. ಆದ್ದರಿಂದ ಎರಡು ‘ಕೋಶ’ಗಳು ಒಂದೆಡೆಯಲ್ಲಿ ಅಕ್ಕಪಕ್ಕ ಕುಳಿತಿರಬಹುದು, ಒಂದನ್ನು ಅರಸಿದವನಿಗೆ ಇನ್ನೊಂದು ದೊರೆಯದಿರಬಹುದು. ಮೇಲಾಗಿ ಲಿನಕ್ಸಿನಲ್ಲಿ ಹೆಸರಿನ ಮಿತಿ 255 ಬೈಟುಗಳು. ಯು.ಟಿ.ಎಫ್.-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳಾಗುವುದರಿಂದ 85 ಸಂಕೇತಗಳಿಗೇ ಹೆಸರು ಮುಗಿಯುವುದು.

ಈ ತೊಡಕುಗಳಿಗೆಲ್ಲ ಮೂಲವು ಒಂದೇ: ಹೆಸರನ್ನೂ ವಿಳಾಸವನ್ನೂ ಒಂದೆಂದು ಬಗೆದುದು. ವಿಳಾಸವು ಯಂತ್ರಕ್ಕಾಗಿ, ಅದು ಚಿಕ್ಕಕ್ಷರ ಮತ್ತು ಅಂಕೆಗಳಿಂದಾದ ಕ್ರಮಸಂಖ್ಯೆಯಾಗಿದ್ದರೆ ಸಾಕು. ಹೆಸರು ಓದುಗರಿಗಾಗಿ, ಅದು ಗ್ರಂಥಸೂಚಿಯಲ್ಲಿ ಕನ್ನಡ ಲಿಪಿಯಲ್ಲಿ, ಕೂಡಿದ ರೂಪದಲ್ಲಿ, ಪೂರ್ಣವಾಗಿ ನಿಲ್ಲಲಿ. ಮಾರ್ಗದ ಗೆರೆಗಳನ್ನು ಕೈಯಿಂದ ಬರೆಯದೆ, ಪೈಥಾನ್ ಭಾಷೆಗೆ 2014ರಲ್ಲಿ ಸೇರಿದ ಪಾಥ್‌ಲಿಬ್‌ನಂತಹ ಸಾಧನಕ್ಕೆ ಬಿಡುವುದು ಲೇಸು. ಪೋಸಿಕ್ಸಿನ ನಿಯಮವು ವಿಳಾಸದ ವ್ಯಾಕರಣವಾಗಿ ಬಹುಮಟ್ಟಿಗೆ ಸಾಧು. ಅದನ್ನು ಹೆಸರಿನ ವ್ಯಾಕರಣವೆಂದು ತಿಳಿದು ಗ್ರಂಥಗಳ ಹೆಸರುಗಳನ್ನೇ ಕತ್ತರಿಸುವುದು ಮಾತ್ರ ಸಂಪಾದಕಧರ್ಮಕ್ಕೆ ಸಲ್ಲದು.