ಅರ್ಧ ಮರಿ, ಅರ್ಧ ಬೇಟೆಗಾರ

ಮುಸ್ಸಂಜೆಯಾಯಿತೆಂದರೆ ಮನೆಯ ಬೆಕ್ಕಿಗೆ ಏನೋ ಆಗುತ್ತದೆ. ಮಧ್ಯಾಹ್ನವೆಲ್ಲ ಸೋಫಾದ ಮೂಲೆಯಲ್ಲಿ ಮುದುಡಿಕೊಂಡಿದ್ದದ್ದು ದಿಢೀರನೆ ಎದ್ದು, ಕಿವಿ ಹಿಂದಕ್ಕೆ ಒತ್ತಿಕೊಂಡು, ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಮಂಚದ ಕೆಳಗೆ ನುಗ್ಗಿ, ಪರದೆ ಹತ್ತಿ ಇಳಿದು ಮನೆಯನ್ನೆಲ್ಲ ಸುತ್ತು ಹಾಕುತ್ತದೆ. ಅಟ್ಟಿಸಿಕೊಂಡು ಬಂದವರು ಯಾರೂ ಇಲ್ಲ. ಐದು ನಿಮಿಷ ಕಳೆದರೆ ಏನೂ ನಡೆದೇ ಇಲ್ಲವೆಂಬಂತೆ ಕೂತು ಪಂಜ ನೆಕ್ಕಿಕೊಳ್ಳುತ್ತದೆ. 'ದೆವ್ವ ಹೊಕ್ಕಿತು ಇದಕ್ಕೆ' ಎಂದು ಮನೆಯವರು ನಗುತ್ತಾರೆ. ದೆವ್ವವಲ್ಲ, ಹೊತ್ತು. ಇಲಿಗಳು ಬಿಲ ಬಿಟ್ಟು ಹೊರಡುವುದು ಹೆಚ್ಚಾಗಿ ಕತ್ತಲು ಬೆಳಕು ಸೇರುವ ವೇಳೆಯಲ್ಲಿ. ಬೆಕ್ಕಿನ ಮೈ ಚುರುಕಾಗುವುದೂ ಆಗಲೇ. ತಟ್ಟೆಗೆ ಊಟ ತಾನಾಗಿ ಬಂದು ಬೀಳುವ ಮನೆಯಲ್ಲೂ ಓಟದ ಬಾಕಿ ತೀರಲೇಬೇಕು.

ಅದೇ ಬೆಕ್ಕು ರಾತ್ರಿ ಊಟವಾದ ಮೇಲೆ ಮಡಿಲು ಹತ್ತಿ ಹಸುಗೂಸಾಗುತ್ತದೆ. ಬೆಕ್ಕು ಸಾಕಿದವರು ಹೇಳಿಕೊಂಡು ನಗುವ ಚೇಷ್ಟೆಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ: ಒಂದು, ದೊಡ್ಡದಾದರೂ ಬಿಡದ ಮರಿತನ; ಇನ್ನೊಂದು, ಎಷ್ಟು ಸಾಕಿದರೂ ಬಿಡದ ಬೇಟೆತನ. ಈಗ ಎದುರಿಗಿರುವುದು ಯಾವುದು ಎಂದು ಗುರುತಿಸಲು ಕಲಿತರೆ ಬೆಕ್ಕನ್ನು ನೋಡುವ ರುಚಿಯೇ ಬೇರೆ.

ಮೊದಲು ಮರಿ. ಹೊದಿಕೆಯ ಮೇಲೋ ಯಜಮಾನಿಯ ಹೊಟ್ಟೆಯ ಮೇಲೋ ನಿಂತು, ಎರಡು ಮುಂಗಾಲನ್ನೂ ಸರದಿಯಂತೆ ಒತ್ತುತ್ತ, ಚಪಾತಿ ಹಿಟ್ಟು ನಾದಿದ ಹಾಗೆ ನಾದುವುದನ್ನು ಎಲ್ಲರೂ ನೋಡಿರುತ್ತಾರೆ. ಹಾಲೂಡುವ ತಾಯಿಯ ಮೊಲೆಯ ಸುತ್ತ ಹೀಗೆ ಒತ್ತಿದರೆ ಹಾಲು ಇಳಿಯುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗೆ ಅಂಟಿದ ಅಭ್ಯಾಸ ಅದು. ಕಾಡಿನಲ್ಲಿ ತಾಯಿ ಒದ್ದೋಡಿಸಿದ ಮೇಲೆ ಮರೆಯಬೇಕಾದದ್ದನ್ನು ಮನೆಯ ಬೆಕ್ಕು ಹತ್ತು ವರ್ಷವಾದರೂ ಮರೆಯುವುದಿಲ್ಲ. ಕೆಲವು ಬೆಕ್ಕುಗಳು ನಾದುತ್ತಲೇ ಉಣ್ಣೆಯ ಶಾಲನ್ನು ಚೀಪುವುದೂ ಉಂಟು.

ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಬಾಗಿಲಿಗೆ ಓಡಿಬರುವುದು ಮರಿಗಳು ತಾಯಿಯನ್ನು ಎದುರುಗೊಳ್ಳುವ ಕ್ರಮ. 'ಮಿಯಾಂವ್' ಕೂಡ ಹಾಗೆಯೇ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗಿಕೊಳ್ಳುವುದು ಬಹಳ ಅಪರೂಪ. ಅವುಗಳ ವ್ಯವಹಾರವೆಲ್ಲ ವಾಸನೆ, ಬಾಲ, ಕಿವಿಗಳಲ್ಲಿ ಮುಗಿಯುತ್ತದೆ. ಮರಿ ತಾಯಿಯನ್ನು ಕರೆಯಲು ಬಳಸಿದ ದನಿಯನ್ನು ದೊಡ್ಡ ಬೆಕ್ಕು ಮನುಷ್ಯರಿಗೆಂದೇ ಎತ್ತಿಟ್ಟುಕೊಂಡಿದೆ. ವಾಸನೆ, ಬಾಲಗಳ ಮಾತು ಮನುಷ್ಯರ ತಲೆಗೆ ಹೋಗುವುದಿಲ್ಲ, ಕೂಗಿದರೆ ಮಾತ್ರ ಫ್ರಿಜ್ ಬಾಗಿಲು ತೆರೆಯುತ್ತದೆ ಎಂಬುದನ್ನು ಪ್ರತಿ ಬೆಕ್ಕೂ ತನ್ನ ಮನೆಯಲ್ಲೇ ಕಲಿಯುತ್ತದೆ.

ಇದಕ್ಕಿಂತ ನಯವಾದ ತಂತ್ರವನ್ನು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕೂಂಬ್ ಮತ್ತು ಸಂಗಡಿಗರು 2009ರಲ್ಲಿ ಬಯಲು ಮಾಡಿದರು. ಹಾಯಾಗಿರುವಾಗಿನ ಗುರುಗುರು ಸದ್ದು ಒಂದು ಬಗೆ, ತಿಂಡಿಗಾಗಿ ಕಾಡುವಾಗಿನದು ಇನ್ನೊಂದು ಬಗೆ. ಎರಡನೆಯದರ ಒಳಗೆ ಎಳೆಗೂಸಿನ ಅಳುವನ್ನು ಹೋಲುವ ತೀಕ್ಷ್ಣ ಸ್ವರವೊಂದು ಅಡಗಿರುತ್ತದೆ. ಧ್ವನಿಮುದ್ರಿಕೆ ಕೇಳಿಸಿದಾಗ, ಬೆಕ್ಕು ಸಾಕದವರಿಗೂ ಎರಡನೆಯದೇ ಹೆಚ್ಚು ಅವಸರದ್ದಾಗಿ, ಕಿರಿಕಿರಿಯದ್ದಾಗಿ ಕೇಳಿಸಿತು. ಬೆಳಗ್ಗೆ ಐದಕ್ಕೆ ಕಿವಿಯ ಪಕ್ಕ ಕೂತು ಎಬ್ಬಿಸುವ ಬೆಕ್ಕನ್ನು ಬೈದು ತಳ್ಳಿದರೂ ಕೊನೆಗೆ ಎದ್ದು ಹೋಗಿ ತಟ್ಟೆ ತುಂಬಿಸುವುದೇಕೆ ಎಂಬುದಕ್ಕೆ ಇಲ್ಲೊಂದು ಉತ್ತರ ಸಿಗುತ್ತದೆ. ಅಂದಹಾಗೆ ಗುರುಗುಟ್ಟುವ ಬೆಕ್ಕೆಲ್ಲ ಸುಖವಾಗಿದೆ ಎಂದುಕೊಳ್ಳಬಾರದು. ನೋವಿನಲ್ಲಿರುವಾಗಲೂ ಬೆಕ್ಕು ಗುರುಗುಟ್ಟುತ್ತದೆ.

ಹೆಸರು ಹಿಡಿದು ಕರೆದಾಗ ತಿರುಗಿಯೂ ನೋಡದ ಬೆಕ್ಕಿನ ಬಗ್ಗೆ ಎಲ್ಲರಿಗೂ ದೂರಿದೆ. ಜಪಾನಿನ ಅತ್ಸುಕೊ ಸೈಟೊ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಕ್ಕಿಗೆ ಬೇರೆ ನಾಲ್ಕು ಪದಗಳನ್ನು ಹೇಳಿ, ಐದನೆಯದಾಗಿ ಅದರ ಹೆಸರು ಹೇಳಲಾಯಿತು. ಹೆಸರು ಬಂದೊಡನೆ ಅನೇಕ ಬೆಕ್ಕುಗಳ ಕಿವಿ ಆಡಿತು, ತಲೆ ಹೊರಳಿತು. ಎದ್ದು ಬಂದವು ಮಾತ್ರ ಕಡಿಮೆ. ಹಲವು ಬೆಕ್ಕುಗಳಿರುವ ಕೆಫೆಯಲ್ಲಿ ತನ್ನ ಹೆಸರಿಗೂ ಪಕ್ಕದ ಬೆಕ್ಕಿನ ಹೆಸರಿಗೂ ಅಲ್ಲಿನ ಬೆಕ್ಕುಗಳು ಭೇದ ತೋರಲಿಲ್ಲ. ಯಾರನ್ನು ಕರೆದರೂ ತಿಂಡಿ ಎಲ್ಲರಿಗೂ ಸಿಗುವ ಜಾಗವಲ್ಲವೇ ಅದು!

ಇನ್ನು ಬೇಟೆಗಾರನ ಸರದಿ.

ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಗಿಂತ ಅದು ಬಂದ ರಟ್ಟಿನ ಪೆಟ್ಟಿಗೆಯೇ ಬೆಕ್ಕಿಗೆ ಪ್ರಿಯ. ಅಡಗಿ ಕೂತು ಹೊಂಚುವ ಪ್ರಾಣಿಗೆ ಮೂರು ಕಡೆ ಗೋಡೆ, ಒಂದು ಕಡೆ ಕಿಂಡಿ ಇದ್ದರೆ ಬೇರೇನು ಬೇಕು? ತಾನೇ ದೊಡ್ಡ ಪ್ರಾಣಿಗೆ ಆಹಾರವಾಗಬಹುದೆಂಬ ಅಂಜಿಕೆಯೂ ಅಲ್ಲಿ ತುಸು ಇಳಿಯುತ್ತದೆ. ನೆದರ್‌ಲ್ಯಾಂಡ್ಸಿನ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದಾಗ, ಪೆಟ್ಟಿಗೆ ಸಿಕ್ಕವು ಬೇಗ ಸಮಾಧಾನಗೊಂಡವು. ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಇದನ್ನು ವರದಿ ಮಾಡಿದ್ದು 2014ರಲ್ಲಿ. ನೆಲದ ಮೇಲೆ ಟೇಪಿನಿಂದ ಚೌಕ ಬರೆದರೂ ಬೆಕ್ಕು ಹೋಗಿ ಅದರೊಳಗೆ ಕೂರುತ್ತದೆಂಬ ಮಾತನ್ನು ಪರೀಕ್ಷಿಸಲು ಅಮೆರಿಕದ ಗೇಬ್ರಿಯೆಲ್ಲಾ ಸ್ಮಿತ್ ಮನೆಮನೆಯ ಬೆಕ್ಕುಗಳನ್ನೇ ಬಳಸಿಕೊಂಡರು. ಬರಿಯ ಕಣ್ಣಿನ ಭ್ರಮೆಯಿಂದ ಮೂಡುವ ಚೌಕದೊಳಗೂ ಅವು ಹೋಗಿ ಕೂತವು. ಹೆಸರು ಕೊಟ್ಟವರು 500ಕ್ಕೂ ಹೆಚ್ಚು, ಪ್ರಯೋಗ ಪೂರ್ತಿ ಮುಗಿಸಿದ ಬೆಕ್ಕುಗಳು 30, ಅವುಗಳಲ್ಲಿ ಯಾವುದಾದರೂ ಚೌಕವನ್ನು ಆರಿಸಿಕೊಂಡವು 9. ಬೆಕ್ಕಿನ ಸಹಕಾರ ನಂಬಿ ಸಂಶೋಧನೆಗೆ ಇಳಿದವರ ಪಾಡು ಅಷ್ಟೆ.

ಸತ್ತ ಹಲ್ಲಿಯನ್ನೋ ಅರೆಜೀವದ ಇಲಿಯನ್ನೋ ತಂದು ಹಾಸಿಗೆಯ ಪಕ್ಕ ಇಡುವ ಪ್ರಸಂಗ ಬಂದಾಗ ಮರಿಯ ಆಟ ತಲೆಕೆಳಗಾಗುತ್ತದೆ. ತಾಯಿಬೆಕ್ಕು ಮರಿಗಳಿಗೆ ಮೊದಲು ಸತ್ತ ಬೇಟೆಯನ್ನು, ಆಮೇಲೆ ಅರೆಜೀವದ್ದನ್ನು ತಂದು ಹಿಡಿಯುವುದನ್ನು ಕಲಿಸುತ್ತದೆ. ಹಾಗಾದರೆ ಇಲ್ಲಿ ಬೇಟೆ ಬಾರದ ದಡ್ಡ ಮರಿ ಯಾರು? ಹಿಡಿದದ್ದನ್ನು ನೆಮ್ಮದಿಯಾಗಿ ತಿನ್ನಲು ಸುರಕ್ಷಿತ ಜಾಗಕ್ಕೆ ಹೊತ್ತು ತಂದು, ಬಟ್ಟಲಿನ ಊಟವೇ ಮೇಲೆಂದು ಅಲ್ಲೇ ಬಿಟ್ಟುಬಿಡುತ್ತದೆ ಎಂಬ ವಿವರಣೆಯೂ ಇದೆ. ಚಪ್ಪಲಿ ಮೆಟ್ಟುವ ಮೊದಲು ಒಮ್ಮೆ ಕೊಡವಿ ನೋಡುವುದು ಎರಡೂ ಪಕ್ಷದವರಿಗೆ ಕ್ಷೇಮ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ಗಾದೆ ಕಟ್ಟಿದವರು ಕಣ್ಣನ್ನು ನೋಡಿದರು, ನಾಲಿಗೆಯನ್ನು ನೋಡಲಿಲ್ಲ. ಅದನ್ನು ನೋಡಿದವರು ಆಗ ಅಮೆರಿಕದ ಎಂಐಟಿಯಲ್ಲಿದ್ದ ರೋಮನ್ ಸ್ಟಾಕರ್. ತಮ್ಮ ಮನೆಯ ಕಟ್ಟಾ ಕಟ್ಟಾ ಎಂಬ ಬೆಕ್ಕು ಕುಡಿಯುವುದನ್ನು ಅವರು ಮತ್ತು ಜೊತೆಗಾರರು ವೇಗದ ಕ್ಯಾಮೆರಾದಲ್ಲಿ ಹಿಡಿದು 2010ರಲ್ಲಿ ಲೆಕ್ಕ ಕೊಟ್ಟರು. ನಾಯಿ ನಾಲಿಗೆಯನ್ನು ಒಳಗೆ ಮುಳುಗಿಸಿ ರಾಚುತ್ತದೆ. ಬೆಕ್ಕು ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಹಾಲಿನ ಮೇಲ್ಮೈಗೆ ಸುಮ್ಮನೆ ತಾಗಿಸಿ ಎಳೆದುಕೊಳ್ಳುತ್ತದೆ. ಜೊತೆಗೆ ಏಳುವ ಹಾಲಿನ ಸಣ್ಣ ಕಂಬ ಕುಸಿಯುವ ಮೊದಲೇ ಬಾಯಿ ಮುಚ್ಚುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ ಈ ಕೆಲಸ ನಡೆದರೂ ಮೀಸೆ ಒದ್ದೆಯಾಗುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ ಎಂಬುದು ಬೇರೆ ಮಾತು.

ಹಬ್ಬದ ದಿನ ಹೋಳಿಗೆ ಬೇಯಿಸುವಲ್ಲಿಗೆ ಬೆಕ್ಕು ಬಂದು ಕೂತರೆ ಬೆಲ್ಲದ ಆಸೆ ಎಂದುಕೊಳ್ಳಬೇಡಿ. ಸಿಹಿ ಎಂಬ ರುಚಿಯೇ ಅದಕ್ಕೆ ಗೊತ್ತಿಲ್ಲ. ನಾಲಿಗೆಗೆ ಸಿಹಿ ತಿಳಿಸುವ ಜೀನ್‌ಗಳ ಜೋಡಿಯಲ್ಲಿ ಒಂದು ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಹುಲಿಯಲ್ಲೂ ಚೀತಾದಲ್ಲೂ ಅದೇ ಕಥೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲಿ ಕಂಡುಕೊಂಡರು. ಹೋಳಿಗೆಯ ಬಳಿಗೆ ಬೆಕ್ಕನ್ನು ಎಳೆದು ತಂದದ್ದು ತುಪ್ಪದ ಘಮ, ಜೊತೆಗೆ ಒಲೆಯ ಕಾವು. ಮೈಯಿಂದ ಏನೂ ಖರ್ಚಿಲ್ಲದೆ ಬೆಕ್ಕು ಹಾಯಾಗಿರುವ ಉಷ್ಣತೆ 30ರಿಂದ 38 ಡಿಗ್ರಿ. ಮಲೆನಾಡಿನ ಬಚ್ಚಲ ಒಲೆಯ ಬದಿಯೂ ಬೆಂಗಳೂರಿನ ಸೆಟ್‌ಟಾಪ್ ಬಾಕ್ಸಿನ ನೆತ್ತಿಯೂ ಅದಕ್ಕೆ ಒಂದೇ.

ಮರಿಗೂ ಬೇಟೆಗಾರನಿಗೂ ಸೇರದ ಮೂರನೆಯ ಅವತಾರವೊಂದುಂಟು. ಖಾಲಿ ಸೈಟುಗಳಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡವನ್ನು ಬೇರು ಸಮೇತ ಕಿತ್ತಿಟ್ಟರೆ ಬೆಕ್ಕು ಬೇರನ್ನು ಮೂಸಿ, ಕೆನ್ನೆ ಉಜ್ಜಿ, ಮತ್ತೇರಿದಂತೆ ಹೊರಳಾಡುತ್ತದೆ. ಅಂಗಡಿಗಳಲ್ಲಿ ಮಾರುವ ವಿದೇಶಿ ಕ್ಯಾಟ್‌ನಿಪ್ ಮಾಡುವ ಮೋಡಿಯೂ ಇದೇ. ಕ್ಯಾಟ್‌ನಿಪ್ಪಿನ ಜಪಾನೀ ಜೋಡಿಯಾದ ಸಿಲ್ವರ್ ವೈನಿಗೆ ಮೈ ಉಜ್ಜಿದ ಬೆಕ್ಕಿನ ಮೇಲೆ ಸೊಳ್ಳೆ ಕೂರುವುದು ಕಡಿಮೆ ಎಂದು ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದರು. ಕುಪ್ಪಿಬೇರನ್ನು ಮೂಸಲು ಬಿಟ್ಟು ನೋಡಬಹುದು; ತಿನ್ನಲು ಬಿಡುವುದು ಬೇಡ.

ಕೊನೆಗೊಂದು ಎಚ್ಚರಿಕೆ, ದಾರದ ಬಗ್ಗೆ. ಬಾಡಿದ ಮಲ್ಲಿಗೆ ಮಾಲೆ, ಟೈಲರಿಂಗ್ ಮೆಷಿನ್ನಿನ ನೂಲು, ಹಳೆಯ ರಾಖಿ ಎಲ್ಲವೂ ಬೆಕ್ಕಿಗೆ ಆಟದ ಸಾಮಾನು. ಆದರೆ ಅದರ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಉಗುಳಲಾಗದೆ ನುಂಗುತ್ತ ಹೋಗುತ್ತದೆ. ಒಳಗೆ ಕರುಳು ದಾರದ ಸುತ್ತ ನೆರಿಗೆಗಟ್ಟಿ ಹರಿಯಬಹುದು. ಬಾಯಲ್ಲೋ ಹಿಂದೆಯೋ ದಾರ ನೇತಾಡುವುದು ಕಂಡರೆ ಎಳೆಯಬೇಡಿ, ಅದೇ ಸ್ಥಿತಿಯಲ್ಲಿ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಆಟಕ್ಕೆ ಕಾಗದದ ಉಂಡೆ ಸಾಕು. ಗರಿ ಕಟ್ಟಿದ ಕೋಲಿನ ಆಟಿಕೆ ಕೊಂಡಿದ್ದರೆ, ಆಟ ಮುಗಿದೊಡನೆ ಅದನ್ನು ಕಪಾಟಿನೊಳಗಿಟ್ಟು ಚಿಲಕ ಹಾಕಿ. ಬರಿದೆ ಬಾಗಿಲು ಮುಚ್ಚಿದರೆ ಪಂಜ ತೂರಿಸಿ ತೆರೆಯಬಲ್ಲ ಬೆಕ್ಕುಗಳಿವೆ.