ಡಜನ್ ಬಿಡಿ, ಕಾಳಿನ ತೂಕ ಹಿಡಿಯಿರಿ

ಮೊದಲ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯದಲ್ಲೇ ಮೋಲ್ ಬರುತ್ತೆ. ಹಳ್ಳಿಯಿಂದ ಬಂದು ಸೈನ್ಸ್ ತಗೊಂಡ ಎಷ್ಟೋ ಹುಡುಗರು "ಕಾಮರ್ಸೇ ತಗೋಬೇಕಿತ್ತು" ಅಂತ ಮೊದಲ ಸಲ ಅಂದುಕೊಳ್ಳೋದೂ ಅಲ್ಲೇ. ಹಾಗಂತ ವಿಷಯ ಅಷ್ಟು ಕಠಿಣವೇನಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ತೊಡಕು ಇರೋದು ಹೇಳಿಕೊಡುವ ರೀತಿಯಲ್ಲಿ. ನಮ್ಮ ಪಿಯು ಮಕ್ಕಳು ಓದುವ ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕವನ್ನು ಮುಂದಿಟ್ಟುಕೊಂಡು ಅದನ್ನೇ ಸ್ವಲ್ಪ ನೋಡೋಣ.

ಪುಸ್ತಕ ಶುರುಮಾಡುವುದು ಡಜನ್‌ನಿಂದ. 12ಕ್ಕೆ ಡಜನ್, 20ಕ್ಕೆ ಸ್ಕೋರ್, 144ಕ್ಕೆ ಗ್ರೋಸ್ ಅನ್ನುವ ಹಾಗೆ, ಕಣ್ಣಿಗೆ ಕಾಣದ ಕಣಗಳ ಎಣಿಕೆಗೆ ಮೋಲ್ ಅಂತ. ಸ್ಕೋರ್, ಗ್ರೋಸ್ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಅದು ಹೋಗಲಿ. ಡಜನ್ನಿನ ಹೋಲಿಕೆಯೇ ಅರ್ಧ ದಾರಿಯಲ್ಲಿ ಕೈಕೊಡುತ್ತೆ. ಡಜನ್ ಬಾಳೆಹಣ್ಣನ್ನು ನಾವು ಎಣಿಸಿ ಕೊಳ್ಳುತ್ತೇವೆ, ಅದು ಎಷ್ಟು ತೂಗುತ್ತೆ ಅಂತ ಕೇಳುವುದಿಲ್ಲ. ಮೋಲನ್ನು ಯಾರೂ ಎಣಿಸುವುದಿಲ್ಲ, ಎಣಿಸಲು ಆಗುವುದೂ ಇಲ್ಲ. ಅದನ್ನು ತೂಗುತ್ತಾರೆ. ತೂಗಿ ಎಣಿಸುವುದೇ ಮೋಲಿನ ಇಡೀ ಉಪಾಯ. ಡಜನ್ ಹೇಳಿಕೊಡದೆ ಬಿಡುವುದೂ ಅದನ್ನೇ. ಆಮೇಲೆ ಪುಸ್ತಕ ಆ ದೈತ್ಯ ಸಂಖ್ಯೆಯನ್ನು ಸೊನ್ನೆಗಳ ಸಮೇತ ಉದ್ದಕ್ಕೆ ಬರೆದು ತೋರಿಸುತ್ತೆ. ಹುಡುಗರು ಬೆರಗಾಗುತ್ತಾರೆ, ಬಾಯಿಪಾಠ ಮಾಡುತ್ತಾರೆ. "ಇಷ್ಟೇ ಯಾಕೆ, ದುಂಡಗೆ 10²⁴ ಯಾಕಲ್ಲ?" ಅಂತ ಕೇಳುವ ಹುಡುಗಿಗೆ ಮಾತ್ರ ಡಜನ್ ಉತ್ತರ ಕೊಡುವುದಿಲ್ಲ.

ನಮ್ಮ ಊರುಗಳಲ್ಲೇ ಇದಕ್ಕಿಂತ ಒಳ್ಳೆ ಹೋಲಿಕೆ ಇದೆ. ಬೀಜದ ವಿಷಯ ಓದುವ ಕೃಷಿ ವಿದ್ಯಾರ್ಥಿಗಳನ್ನು ಕೇಳಿ, ಸಾವಿರ ಕಾಳಿನ ತೂಕ ಅಂತ ಒಂದು ಅಳತೆ ಹೇಳುತ್ತಾರೆ. ಸಾವಿರ ರಾಗಿ ಕಾಳು ಸುಮಾರು 3 ಗ್ರಾಂ ಅಂತ ಇಟ್ಟುಕೊಳ್ಳಿ, ಸಾವಿರ ಭತ್ತದ ಕಾಳು ಸುಮಾರು 25 ಗ್ರಾಂ. ತಳಿಯಿಂದ ತಳಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ. ಈಗ 3 ಕಿಲೋ ರಾಗಿ, 25 ಕಿಲೋ ಭತ್ತ ತೂಗಿ ಪಕ್ಕದಲ್ಲಿಡಿ. ಎರಡರಲ್ಲೂ ಹತ್ತತ್ತು ಲಕ್ಷ ಕಾಳು. ಒಂದು ಕಾಳನ್ನೂ ನಾವು ಎಣಿಸಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಸಾವಿರ ಅನ್ನುವ ಸಂಖ್ಯೆಯೇ ಗೊತ್ತಿರದಿದ್ದರೂ, ರಾಗಿ ಭತ್ತದ ಕಾಳುಗಳ ತೂಕದ ಅನುಪಾತ 3ಕ್ಕೆ 25 ಅಂತ ಗೊತ್ತಿದ್ದರೆ ಸಾಕು. ಅದೇ ಅನುಪಾತದಲ್ಲಿ ಎಷ್ಟೇ ತೂಗಿದರೂ ಕಾಳಿನ ಎಣಿಕೆ ಸಮ.

ಹತ್ತೊಂಬತ್ತನೇ ಶತಮಾನದ ಕೆಮಿಸ್ಟ್ರಿಯವರು ಮಾಡಿದ್ದು ಇದನ್ನೇ. ಹೈಡ್ರೋಜನ್ ಪರಮಾಣು 1 ಆದರೆ ಕಾರ್ಬನ್ 12, ಆಕ್ಸಿಜನ್ 16 ಅನ್ನುವ ಅನುಪಾತ ಅವರ ಕೈಲಿತ್ತು. ಒಂದು ಪರಮಾಣು ನಿಜಕ್ಕೂ ಎಷ್ಟು ತೂಗುತ್ತೆ ಅಂತ ಗೊತ್ತಿರಲಿಲ್ಲ. ಅವೊಗಾಡ್ರೊ 1811ರಲ್ಲಿ ಹೇಳಿದ್ದು ಇಷ್ಟೇ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ. ಎಷ್ಟು ಅಂತ ಆತ ಹೇಳಲೇ ಇಲ್ಲ. 1856ರಲ್ಲಿ ತೀರಿಕೊಂಡಾಗಲೂ ಆತನ ಹೆಸರಿನ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. 1860ರ ಕಾರ್ಲ್ಸ್‌ರೂಹೆ ಸಭೆಯ ಹೊತ್ತಿಗೆ ಕನಿಜ್ಜಾರೊ ಅದೇ ಮಾತನ್ನು ಹಿಡಿದು ಪರಮಾಣು ತೂಕಗಳ ಗೊಂದಲ ಬಿಡಿಸಿದ. 1865ರಲ್ಲಿ ಲೋಶ್ಮಿಟ್ ಗಾಳಿಯ ಅಣು ಎಷ್ಟು ದೊಡ್ಡದಿರಬಹುದು ಅಂತ ಅಂದಾಜು ಮಾಡಿದ. "ಅವೊಗಾಡ್ರೊ ಸಂಖ್ಯೆ" ಅನ್ನುವ ಹೆಸರು ಬಂದಿದ್ದು 1909ರಲ್ಲಿ, ಕೊಟ್ಟವನು ಫ್ರಾನ್ಸಿನ ಜಾನ್ ಪೆರಿನ್. ನೀರಲ್ಲಿ ತೇಲುವ ಅಂಟಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆತ ಆ ಸಂಖ್ಯೆಯನ್ನು ಲೆಕ್ಕಹಾಕಿದ. ತಮಾಷೆ ನೋಡಿ, ಮೋಲ್ ಅನ್ನುವ ಪದವನ್ನು 1890ರ ದಶಕದಲ್ಲಿ ಬಳಕೆಗೆ ತಂದ ಓಸ್ಟ್‌ವಾಲ್ಡ್ ಆಗ ಪರಮಾಣು ಇದೆ ಅಂತಲೇ ಒಪ್ಪುತ್ತಿರಲಿಲ್ಲ. ಆತನಿಗೆ ಮೋಲ್ ಅಂದರೆ ತೂಕ, ಅಷ್ಟೇ. ಎಣಿಕೆ ಆಮೇಲೆ ಬಂತು.

ಅಂದರೆ ಚರಿತ್ರೆಯಲ್ಲಿ ಮೊದಲು ಅನುಪಾತ, ಆಮೇಲೆ ತೂಕ, ಕೊನೆಗೆ ಸಂಖ್ಯೆ. ಪುಸ್ತಕದಲ್ಲಿ ಸಂಖ್ಯೆಯೇ ಬಾಗಿಲಲ್ಲಿ ನಿಂತಿದೆ. ಪುಸ್ತಕವನ್ನು ಪೂರ್ತಿ ಬೈಯುವುದು ನ್ಯಾಯವಲ್ಲ. ಒಂದು ಚೆಂದದ ಭಾಗಾಕಾರ ಅದರಲ್ಲಿದೆ: ಒಂದು ಕಾರ್ಬನ್-12 ಪರಮಾಣುವಿನ ತೂಕ 1.992648 × 10⁻²³ ಗ್ರಾಂ, 12 ಗ್ರಾಂ ಅನ್ನು ಅದರಿಂದ ಭಾಗಿಸಿ, 6.022 × 10²³ ಬರುತ್ತೆ. "ಇಷ್ಟೇ ಯಾಕೆ" ಅನ್ನುವ ಪ್ರಶ್ನೆಗೆ ಉತ್ತರ ಇದೇ. 12 ಗ್ರಾಂ ಅಂತ ನಾವು ಆರಿಸಿಕೊಂಡೆವು, ಸಂಖ್ಯೆ ತಾನಾಗಿ ಬಂತು. ಆದರೆ 2019ರ ಮೇ 20ರಿಂದ ಜಗತ್ತಿನಲ್ಲಿ ಮೋಲಿನ ವ್ಯಾಖ್ಯಾನ ತಿರುಗಿ ನಿಂತಿದೆ. ಈಗ 6.02214076 × 10²³ ಅನ್ನುವುದೇ ನಿಗದಿ, 12 ಗ್ರಾಂ ಅನ್ನುವುದು ಅಳೆದು ನೋಡುವ ವಿಷಯ. ವ್ಯತ್ಯಾಸ ಯಾವ ತಕ್ಕಡಿಗೂ ಸಿಗದಷ್ಟು ಸಣ್ಣದು. ಆದರೂ ಹೊಸ ವ್ಯಾಖ್ಯಾನ, ಹಳೇ ಭಾಗಾಕಾರ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಎರಡು ಸಾಲು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಎರಡೂ ಮಂತ್ರ ಆಗಿಬಿಡುತ್ತವೆ.

ಇನ್ನು ಅಕ್ಷರಗಳ ಕಾಟ. ಕೊಟ್ಟ ತೂಕ ಸಣ್ಣ ಎಮ್, ಮೋಲಾರ್ ರಾಶಿ ದೊಡ್ಡ ಎಮ್, ಮೋಲುಗಳು ಸಣ್ಣ ಎನ್, ಕಣಗಳು ದೊಡ್ಡ ಎನ್, ಅವೊಗಾಡ್ರೊ ಸಂಖ್ಯೆ ದೊಡ್ಡ ಎನ್ ಕಾಲಡಿ ಎ. ಸಾಫ್ಟ್‌ವೇರ್‌ನಲ್ಲಿ ಯಾರಾದರೂ ಹೀಗೆ ಹೆಸರಿಟ್ಟು ಕೋಡ್ ಬರೆದರೆ ರಿವ್ಯೂನಲ್ಲೇ ವಾಪಸ್ ಬರುತ್ತೆ. ಬೋರ್ಡಿನ ಮೇಲೆ ಸಣ್ಣ ಎಮ್ ಯಾವುದು ದೊಡ್ಡ ಎಮ್ ಯಾವುದು ಅಂತ ಕೊನೇ ಬೆಂಚಿಗೆ ಕಾಣುವುದೂ ಇಲ್ಲ. ಇದಕ್ಕೆ ಮದ್ದು ಯೂನಿಟ್. ನೀರಿನ ಒಂದು ಅಣುವಿನ ರಾಶಿ 18 ಯು, ಒಂದು ಮೋಲ್ ನೀರು 18 ಗ್ರಾಂ. ಅಂಕಿ ಒಂದೇ, ಆದರೆ ಮೊದಲನೆಯದು ಕಣ್ಣಿಗೆ ಕಾಣದ್ದು, ಎರಡನೆಯದು ಒಂದು ಗುಟುಕು. ನಡುವೆ 10²³ರ ಅಂತರ. ಬರೀ 18 ಅಂತ ಬರೆದರೆ ಆ ಅಂತರವೇ ಅಳಿಸಿಹೋಗುತ್ತೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪದಗಳ ತಾಪತ್ರಯ ಬೇರೆ. ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಪೇಪರಿನಲ್ಲಿ ಅಣುಬಾಂಬ್, ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿ ಕೆಲಸ ನಡೆಯುವುದು ಪರಮಾಣುವಿನ ಒಳಗೆ. ಹತ್ತನೇ ಕ್ಲಾಸಿನವರೆಗೂ ಈ ಗೊಂದಲ ಹೊತ್ತು ಬಂದ ಹುಡುಗನಿಗೆ ಪಿಯುನಲ್ಲಿ ಇಂಗ್ಲಿಷ್ ಮಾತಿನಲ್ಲಿ "ಒಂದು ಮೋಲ್ ಆಕ್ಸಿಜನ್" ಅಂದರೆ 16 ಗ್ರಾಮೋ 32 ಗ್ರಾಮೋ? ಪರಮಾಣುವೋ ಅಣುವೋ ಅಂತ ಹೇಳದೆ ಮೋಲ್ ಅನ್ನುವುದೇ ತಪ್ಪು ಪ್ರಶ್ನೆ. ಇದರ ಮೇಲೆ, ಮೊದಲು ಎನ್‌ಸಿಇಆರ್‌ಟಿಯ 9ನೇ ತರಗತಿ ವಿಜ್ಞಾನದಲ್ಲೇ ಮೋಲ್ ಇತ್ತು. ಕೋವಿಡ್ ಆದಮೇಲೆ ಹೊರೆ ಇಳಿಸುವ ಹೆಸರಲ್ಲಿ ಅದನ್ನು ತೆಗೆದರು. ಹೊರೆ ಇಳಿಯಲಿಲ್ಲ. ಕನ್ನಡದಲ್ಲಿ ಒಮ್ಮೆ ಕೇಳಿಸಿಕೊಳ್ಳುವ ಅವಕಾಶ ಮಾತ್ರ ಹೋಯಿತು.

ಭಾಷೆಯಲ್ಲಿ ನಮಗೆ ಅನುಕೂಲವೂ ಇದೆ ಅನ್ನಿ. ಲ್ಯಾಟಿನ್ನಿನ "ಮೋಲೆಸ್" ಅಂದರೆ ದೊಡ್ಡ ಗುಡ್ಡೆ. ನಾವು ದ್ರವ್ಯರಾಶಿಗೆ ಬಳಸುವ "ರಾಶಿ"ಯೂ ಅದೇ, ಕಣದಲ್ಲಿ ಮಾಡುವ ರಾಶಿ. ಕನ್ನಡದ ಮೇಷ್ಟ್ರು ಇದನ್ನು ಒಂದು ನಿಮಿಷದಲ್ಲಿ ಹೇಳಿಬಿಡಬಹುದು.

ಲೆಕ್ಕಗಳನ್ನೂ ಹೀಗೇ ಹತ್ತಿರ ತರಬಹುದು. ಪುಸ್ತಕದಲ್ಲಿ 50 ಕಿಲೋ ನೈಟ್ರೋಜನ್, 10 ಕಿಲೋ ಹೈಡ್ರೋಜನ್ ಸೇರಿ ಅಮೋನಿಯಾ ಆಗುವ ಲೆಕ್ಕ ಇದೆ. ಒಳ್ಳೆ ಲೆಕ್ಕ. ತೂಕದಲ್ಲಿ ನೈಟ್ರೋಜನ್ ಐದು ಪಟ್ಟು ಹೆಚ್ಚು, ಅಣುಗಳ ಎಣಿಕೆಯಲ್ಲಿ ಹೈಡ್ರೋಜನ್ ಸುಮಾರು 2.8 ಪಟ್ಟು ಹೆಚ್ಚು. ಬೇಕಿರುವುದು 3 ಪಟ್ಟು, ಆದ್ದರಿಂದ ಮೊದಲು ಖಾಲಿಯಾಗೋದು ಹೈಡ್ರೋಜನ್. ಇಲ್ಲಿಂದ ಯೂರಿಯಾ ಚೀಲಕ್ಕೆ ಒಂದೇ ಹೆಜ್ಜೆ. ಯೂರಿಯಾ ತಯಾರಾಗುವುದೇ ಅಮೋನಿಯಾದಿಂದ. ಕಾರ್ಬನ್ 12, ಆಕ್ಸಿಜನ್ 16, ಎರಡು ನೈಟ್ರೋಜನ್ 28, ನಾಲ್ಕು ಹೈಡ್ರೋಜನ್ 4. ಒಟ್ಟು 60. 45 ಕಿಲೋ ಚೀಲ ಅಂದರೆ 750 ಮೋಲ್. 28 ಅನ್ನು 60ರಿಂದ ಭಾಗಿಸಿದರೆ ನೈಟ್ರೋಜನ್ ಶೇ. 46.67. ಚೀಲದ ಮೇಲೆ ಶೇ. 46 ಅಂತ ಅಚ್ಚಾಗಿದೆ, ಮಾಲು ಪೂರ್ತಿ ಶುದ್ಧ ಇರಲ್ಲವಲ್ಲ. ಅಪ್ಪ ವರ್ಷಾ ವರ್ಷಾ ಹೊತ್ತು ತಂದ ಚೀಲದ ಮೇಲಿನ ಅಂಕಿ ಎಲ್ಲಿಂದ ಬಂತು ಅಂತ ಮಗಳು ಮನೆಯ ಜಗಲಿ ಮೇಲೆ ಕೂತು ಲೆಕ್ಕಹಾಕಿ ತೋರಿಸಬಹುದು.

ಮೇಷ್ಟ್ರುಗಳನ್ನು ದೂರಿ ಫಲವಿಲ್ಲ. ಪೋರ್ಷನ್ ಮುಗಿಸಬೇಕು, ಸಿಇಟಿ, ನೀಟ್ ತಲೆ ಮೇಲಿರುತ್ತವೆ. ಆದರೆ ಸೂತ್ರಕ್ಕೆ ಮುಂಚೆ ಒಂದು ಪಿರಿಯಡ್ ಕೊಡಿ ಅಂತ ಕೇಳಬಹುದು. ಒಂದು ಹಿಡಿ ರಾಗಿ, ಒಂದು ಹಿಡಿ ಭತ್ತ, ಲ್ಯಾಬಿನಲ್ಲಿರುವ ತಕ್ಕಡಿ. ನೂರು ಕಾಳು ಎಣಿಸಿ ತೂಗಿ, ಮಿಕ್ಕಿದ್ದನ್ನು ತೂಗಿಯೇ ಎಣಿಸಿ. ಅಷ್ಟಾದಮೇಲೆ ಅವೊಗಾಡ್ರೊ ಹೆಸರು ಹೇಳಿದರೂ ತಡವೇನಿಲ್ಲ.